ಹಗಲುವೇಷದ ಋಣ

ಗಂಗಾವತಿಗೆ ಸಮೀಪದಲ್ಲಿರುವ ಆನೆಗೊಂದಿಯ ಸುತ್ತಲಿನ ಬಂಡೆಗಲ್ಲಿನ ಬೆಟ್ಟಗಳನ್ನು ಜನರು ರಾಮಾಯಣದ ಕಿಷ್ಕಿಂಧೆಯೆಂದೇ ನಂಬಿಕೊಂಡು ಬಂದಿದ್ದಾರೆ. ಅಲ್ಲಿಯ ಅಂಜನಾದ್ರಿಯು ಹನುಮಂತನು ಹುಟ್ಟಿದ ಸ್ಥಳವೆಂಬುದು ಪ್ರತೀತಿ. ಸೀತೆಯನ್ನು ಅರಸುತ್ತ ಬಂದ ರಾಮಲಕ್ಷ್ಮಣರನ್ನು ದೂರದಿಂದ ಕಂಡ ಸುಗ್ರೀವನು ಹೆದರಿ, ಇವರು ಯಾರೆಂದು ತಿಳಿದು ಬರುವಂತೆ ಹನುಮಂತನನ್ನು ಕಳುಹಿಸುತ್ತಾನೆ. ಹನುಮಂತನು ತನ್ನ ಕಪಿರೂಪವನ್ನು ಮರೆಮಾಡಿ ಭಿಕ್ಷುವಿನ ವೇಷದಲ್ಲಿ ಅವರೆದುರಿಗೆ ನಿಲ್ಲುತ್ತಾನೆ. ವೇಷಕ್ಕಿಂತಲೂ ಅವನ ಮಾತಿನ ಸೊಬಗಿಗೆ ರಾಮನು ಮನಸೋಲುತ್ತಾನೆ. ಒಬ್ಬರನ್ನೊಬ್ಬರು ಅರಿಯದ ಎರಡು ಗುಂಪುಗಳ ನಡುವೆ ಸ್ನೇಹ ಬೆಳೆದದ್ದು ಹೀಗೆ. ಮಹಾಭಾರತದಲ್ಲಿಯೂ ಇಂತಹ ಪ್ರಸಂಗವುಂಟು. ವಿರಾಟರಾಜನ ನಗರದಲ್ಲಿ ಭೀಮನು ಬಾಣಸಿಗನಾಗಿ, ಅರ್ಜುನನು ನಾಟ್ಯ ಕಲಿಸುವ ಬೃಹನ್ನಳೆಯಾಗಿ, ದ್ರೌಪದಿಯು ಸೈರಂಧ್ರಿಯಾಗಿ ಒಂದು ವರುಷ ಕಳೆದರು. ಅವರು ಅಲ್ಲಿ ಉಂಡ ಅನ್ನವು ದಾನವಾಗಿ ಬಂದುದಲ್ಲ. ವೇಷದೊಳಗಿದ್ದುಕೊಂಡೇ ದುಡಿದು ಪಡೆದುದು.

ಈ ಎರಡು ಕಥೆಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೀದಿಗಳಿಗೆ ಹೊತ್ತು ತಂದವರು ಹಗಲುವೇಷಗಾರರು. ಬಯಲಾಟವಾಗಲಿ, ತೊಗಲುಗೊಂಬೆಯಾಟವಾಗಲಿ ರಾತ್ರಿಯ ಕಲೆಗಳು. ಅವುಗಳಿಗೆ ದೀಪ ಬೇಕು, ರಂಗ ಬೇಕು, ನಿದ್ದೆಗೆಟ್ಟು ಕುಳಿತುಕೊಳ್ಳುವ ಪ್ರೇಕ್ಷಕರು ಬೇಕು. ಹಗಲುವೇಷಕ್ಕೆ ಇವು ಯಾವುವೂ ಬೇಡ. ಹಾಡುಹಗಲಿನಲ್ಲಿ, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿರುವಾಗ, ಅಂಗಡಿಯ ಮುಂದೆ, ಮನೆಯ ಕಟ್ಟೆಯ ಮುಂದೆ ಅದು ತಾನಾಗಿ ಬಂದು ನಿಲ್ಲುತ್ತದೆ. ನಾಟಕವನ್ನು ನೋಡಲು ಜನ ಹೋಗುವುದಿಲ್ಲ. ಜನರನ್ನು ಹುಡುಕಿಕೊಂಡು ನಾಟಕವೇ ಬರುತ್ತದೆ.

ಹಗಲುವೇಷವನ್ನು ಕುಲಕಸುಬಾಗಿ ನಡೆಸಿಕೊಂಡು ಬಂದವರಲ್ಲಿ ಬುಡ್ಗ ಜಂಗಮರು ಮುಖ್ಯರು. ಇವರ ಮನೆಮಾತು ಹೆಚ್ಚಾಗಿ ತೆಲುಗು, ಬೀದಿಯ ಮಾತು ಕನ್ನಡ; ಫಕೀರನ ವೇಷ ತೊಟ್ಟರೆ ದಖನಿಯೂ ನಾಲಗೆಯ ಮೇಲೆ ನಲಿಯುತ್ತದೆ. ಐದಾರು ಜನರ ಒಂದು ತಂಡ ಊರಿನ ಹೊರಗೆ ಬಿಡಾರ ಹೂಡುತ್ತದೆ. ಹಾರ್ಮೋನಿಯಂ, ತಬಲಾ, ತಾಳ, ಗೆಜ್ಜೆ. ಅರದಾಳ, ಇಂಗಳೀಕ, ಕಾಡಿಗೆ. ರಟ್ಟಿನ ಮೇಲೆ ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಗದೆ - ಇಷ್ಟೇ ಇವರ ಆಸ್ತಿ. ಬೆಳಗಾಗುತ್ತಲೇ ಬಣ್ಣ ಹಚ್ಚಿಕೊಂಡು ಊರೊಳಗೆ ಬರುತ್ತಾರೆ. ಒಂದು ದಿನ ರಾಮ, ಲಕ್ಷ್ಮಣ, ಶೂರ್ಪನಖಿ. ಮರುದಿನ ಭೀಮ, ದುರ್ಯೋಧನ, ಶಕುನಿ. ಇನ್ನೊಂದು ದಿನ ಮೋಹಿನಿ ಮತ್ತು ಭಸ್ಮಾಸುರ. ಸ್ತ್ರೀವೇಷಗಳನ್ನು ಗಂಡಸರೇ ಕಟ್ಟುತ್ತಿದ್ದರು. ಪುರಾಣದ ವೇಷಗಳ ನಡುವೆ ಲೋಕದ ವೇಷಗಳೂ ಬರುತ್ತಿದ್ದವು. ಅವುಗಳಲ್ಲಿಯೇ ನಗೆ ಹೆಚ್ಚು.

ಪುರಾಣದ ವೇಷದಲ್ಲಿಯೂ ನಗೆಗೆ ಎಡೆಯಿಲ್ಲವೆಂದು ತಿಳಿಯಬಾರದು. ಕಿರಾಣಿ ಅಂಗಡಿಯ ಮುಂದೆ ಗದೆಯೂರಿ ನಿಂತ ಭೀಮನನ್ನು ಊಹಿಸಿಕೊಳ್ಳಿರಿ. ಮೊದಲು ಅವನು ವೀರರಸದ ಒಂದು ಪದ ಹಾಡುತ್ತಾನೆ. ಬಳಿಕ ಧ್ವನಿ ತಗ್ಗಿಸಿ, ಆ ನಾಡಿನ ಆಡುಮಾತಿಗಿಳಿದು, ‘ಸಾವುಕಾರ್ರ, ಬಕಾಸುರನ ಕಡೆ ಹೊಂಟೀನಿ. ಬಂಡಿ ಅನ್ನ ದಾರ್ಯಾಗ ನಾನs ಉಂಡು ಮುಗಿಸೀನಿ. ನಿಮ್ಮ ಅಂಗಡ್ಯಾಗ ಎಷ್ಟು ಚೀಲ ಅಕ್ಕಿ ಐತ್ರಿ?’ ಎಂದು ಕೇಳುತ್ತಾನೆ. ಅಂಗಡಿಯವನು ತಕ್ಕಡಿಯಿಂದ ತಲೆಯೆತ್ತದೆ, ‘ಉದ್ರಿ ಇಲ್ಲೋ ಭೀಮಣ್ಣಾ. ಮೊದಲು ಹಿಂದಿನ ಬಾಕಿ ಇಡು’ ಎನ್ನುತ್ತಾನೆ. ‘ಬರಕೋರಿ ಧಣ್ಯಾರ. ನಮ್ಮ ಅಣ್ಣಾರು ಜೂಜಿನ್ಯಾಗ ಸೋತು ಕುಂತಾರ. ಹದಿಮೂರು ವರ್ಷ ಆಗೂದs ತಡ, ಬಡ್ಡಿ ಸಹಿತ ತೀರಿಸ್ತೀವಿ!’ ಕೊಳ್ಳಲು ಬಂದ ಗಿರಾಕಿಗಳು ನಗುತ್ತಾರೆ. ಎದುರಿನ ಅಂಗಡಿಯವನು ಎದ್ದು ಬಂದು ಭೀಮನ ಪರವಾಗಿ ಜಾಮೀನು ನಿಲ್ಲುತ್ತೇನೆಂದು ತಾನೊಂದು ಮಾತು ಸೇರಿಸುತ್ತಾನೆ. ಹೀಗೆ ಆಟ ಬೆಳೆಯುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಂಗಡಿಯವನು ಉತ್ತರ ಕೊಡದಿದ್ದರೆ ಈ ಆಟವೇ ಇಲ್ಲ. ವೇಷಗಾರನು ಅರ್ಧ ಸಂಭಾಷಣೆಯನ್ನು ಮಾತ್ರ ಹೊತ್ತು ತಂದಿರುತ್ತಾನೆ. ಉಳಿದರ್ಧವನ್ನು ಬೀದಿ ಕೊಡಬೇಕು. ಆದುದರಿಂದ ಒಂದೇ ಭೀಮನ ವೇಷವು ಗಂಗಾವತಿಯ ಅಕ್ಕಿಯ ಗಿರಣಿಯ ಮುಂದೆ ಒಂದು ಬಗೆಯಾದರೆ, ಯಲಬುರ್ಗಾದ ಜೋಳದ ಕಣದಲ್ಲಿ ಇನ್ನೊಂದು ಬಗೆಯಾಗುತ್ತದೆ. ಎದುರಾಳಿಯ ಮುಖವನ್ನು ಒಂದು ಗಳಿಗೆಯಲ್ಲಿ ಓದಿ, ಇವನು ನಗೆಗೆ ಒಗ್ಗುವವನೋ ಸಿಡುಕುವವನೋ ಎಂದು ತೀರ್ಮಾನಿಸುವ ಜಾಣ್ಮೆಯು ಬಣ್ಣಕ್ಕಿಂತ, ಕಂಠಕ್ಕಿಂತ ಹೆಚ್ಚಿನದು. ಅದನ್ನು ಯಾವ ಪುಸ್ತಕವೂ ಕಲಿಸಲಾರದು; ಮಕ್ಕಳು ತಂದೆಯ ಬೆನ್ನ ಹಿಂದೆ ಬೀದಿ ಬೀದಿ ತಿರುಗಿಯೇ ಕಲಿಯುತ್ತಿದ್ದರು.

ಇನ್ನು ಹಣದ ಮಾತು. ಈ ಕಲೆಯ ನಿಜವಾದ ಸ್ವಾರಸ್ಯವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಹಿಂದಿನ ಪದ್ಧತಿಯಂತೆ ವೇಷಗಾರರು ದಿನದಿನವೂ ಕೈಯೊಡ್ಡುತ್ತಿರಲಿಲ್ಲ. ಒಂದು ವಾರವೋ ಹದಿನೈದು ದಿನವೋ ಆಡಿ, ಊರು ಬಿಡುವ ಕೊನೆಯ ದಿನ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಸಂಭಾವನೆ ಕೇಳುತ್ತಿದ್ದರು. ಟಿಕೀಟಿಲ್ಲ, ಮುಂಗಡವಿಲ್ಲ, ಗೊತ್ತಾದ ಬೆಲೆಯಿಲ್ಲ. ಸುಗ್ಗಿಯ ಕಾಲವಾದರೆ ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದ ಹಳ್ಳಿಗಳಲ್ಲಿ ಜೋಳ, ಸಜ್ಜೆ, ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯ ಕಡೆ ಭತ್ತ, ಪೇಟೆಯಲ್ಲಿ ರೊಕ್ಕ. ಎಲ್ಲೋ ಒಬ್ಬರು ಹಳೆಯ ಧೋತರ, ಸೀರೆಗಳನ್ನೂ ಕೊಡುತ್ತಿದ್ದರು. ಸೀರೆಯು ಮುಂದಿನ ಊರಿನಲ್ಲಿ ದ್ರೌಪದಿಯ ಮೈಮೇಲೆ ಬರುತ್ತಿತ್ತು.

ಕಾಳಿಗೆ ಇನ್ನೊಂದು ಅನುಕೂಲವೂ ಇತ್ತು. 1948ರವರೆಗೆ ಈ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿತ್ತು. ತುಂಗಭದ್ರೆಯ ಆಚೆಯ ಬಳ್ಳಾರಿಯು ಮದರಾಸು ಪ್ರಾಂತದಲ್ಲಿತ್ತು. ಹೊಳೆ ದಾಟಿದರೆ ನಾಣ್ಯವೇ ಬೇರೆ. ಇಂಗ್ಲಿಷರ ಆರು ರೂಪಾಯಿಗೆ ನಿಜಾಮನ ಹಾಲಿ ಸಿಕ್ಕಾ ಏಳು ರೂಪಾಯಿ ಎಂಬ ಲೆಕ್ಕವಿತ್ತು. ಊರೂರು ಅಲೆಯುವ ಬಡ ಕಲಾವಿದನಿಗೆ ಈ ವಟ್ಟದ ಗೋಜಲು ಬೇಡ; ಒಂದು ಸೇರು ಜೋಳವು ಹೊಳೆಯ ಎರಡು ದಂಡೆಯಲ್ಲಿಯೂ ಒಂದೇ ಹೊಟ್ಟೆಯನ್ನು ತುಂಬಿಸುತ್ತದೆ. 1956ರಲ್ಲಿ ಈ ಭಾಗವು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಮೇಲೆ ಹೇಳಿದ ನಾಲ್ಕು ತಾಲೂಕುಗಳು ಕೂಡಿ ಕೊಪ್ಪಳ ಜಿಲ್ಲೆಯಾಯಿತು.

ಬೆಲೆಯನ್ನು ಕೊನೆಗೆ ಕೇಳುವ ಈ ಪದ್ಧತಿಯಲ್ಲಿ ಒಂದು ನ್ಯಾಯವಿದೆ. ಸರಕನ್ನು ಪೂರ್ತಿ ನೋಡಿ, ಅನುಭವಿಸಿ, ಆಮೇಲೆ ಅದರ ಬೆಲೆಯನ್ನು ಕೊಳ್ಳುವವನೇ ಕಟ್ಟುತ್ತಾನೆ. ಕೊಡಲು ಏನೂ ಇಲ್ಲದ ಕೂಲಿಯವನೂ, ಶಾಲೆಗೆ ಹೊರಟ ಹುಡುಗನೂ ಅಷ್ಟೇ ಸಮೀಪದಿಂದ ಆಟವನ್ನು ನೋಡುತ್ತಾರೆ. ಅವರನ್ನು ಹೊರಗಿಡುವ ಬಾಗಿಲಿಲ್ಲ. ಹದಿನೈದು ದಿನಗಳ ಮಾತುಕತೆಯ ಬಳಿಕ ವೇಷಗಾರನೂ ಅಂಗಡಿಕಾರನೂ ಅಪರಿಚಿತರಾಗಿ ಉಳಿದಿರುವುದಿಲ್ಲ. ಆದರೆ ಇದನ್ನು ಬರಿಯ ಸುಂದರ ಚಿತ್ರವೆಂದು ತಿಳಿದುಬಿಡುವುದು ಸರಿಯಲ್ಲ. ನಷ್ಟದ ಭಾರವೆಲ್ಲ ವೇಷಗಾರನ ಮೇಲೆಯೇ ಬೀಳುತ್ತದೆ. ದಿನವೂ ನಕ್ಕವನು ಕೊನೆಯ ದಿನ ಅಂಗಡಿಯ ಹಲಗೆ ಹಾಕಿಕೊಂಡು ಹೋದರೆ ಕೇಳುವವರಾರು? ಕಡಿಮೆ ಕೊಟ್ಟವನನ್ನೂ ಕರ್ಣನೆಂದು ಹೊಗಳಿಯೇ ಮುಂದೆ ಸಾಗಬೇಕು. ಬೆಲೆ ಕಟ್ಟುವ ಅಧಿಕಾರವು ಒಬ್ಬನ ಕೈಯಲ್ಲಿಯೇ ಇರುವಾಗ ಅದನ್ನು ಸಮನಾದ ಕೊಡುಕೊಳ್ಳುವಿಕೆಯೆನ್ನಬಹುದೆ? ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

ಯೂರೋಪಿನಲ್ಲಿಯೂ ಚೌಕದಲ್ಲಿ ಮುಖವಾಡ ಹಾಕಿ ಆಡುವ ಹಾಸ್ಯದ ತಂಡಗಳಿದ್ದವು. ಇಟಲಿಯ ಪಡುವಾ ನಗರದಲ್ಲಿ 1545ರಲ್ಲಿ ಎಂಟು ಮಂದಿ ನಟರು ಕೂಡಿ ಬರೆದುಕೊಂಡ ಒಂದು ಕರಾರು ಪತ್ರ ಇಂದಿಗೂ ಉಳಿದಿದೆ. ಗಳಿಸಿದ ಹಣವನ್ನು ಒಂದು ಪೆಟ್ಟಿಗೆಯಲ್ಲಿಡಬೇಕು, ಆ ಪೆಟ್ಟಿಗೆಗೆ ಮೂರು ಕೀಲಿಕೈಗಳಿರಬೇಕು, ಅವು ಮೂವರ ಬಳಿ ಇರಬೇಕು ಎಂದು ಅವರು ಗೊತ್ತುಮಾಡಿಕೊಂಡರು. ತಂಡದೊಳಗಿನ ನ್ಯಾಯವನ್ನು ಕೀಲಿಕೈಗಳಿಂದ ಭದ್ರಪಡಿಸಬಹುದಾಗಿತ್ತು. ನೋಡುವವನ ಕಿಸೆಗೆ ಅವರೂ ಬೀಗದಕೈ ಮಾಡಿಸಲಾರದವರಾಗಿದ್ದರು.

ಕೈಯೊಡ್ಡುವುದೆಲ್ಲ ಭಿಕ್ಷೆಯೆ? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲಿಯೇ ಒಂದು ಉತ್ತರ ದೊರೆತಿತ್ತು. ಶಿವಶರಣರಲ್ಲಿ ಬಹುರೂಪಿ ಚೌಡಯ್ಯನೆಂಬವನು ವೇಷ ಕಟ್ಟುವವನು. ನಗೆಯ ಮಾರಿತಂದೆಯೆಂಬವನ ಕೆಲಸವು ವಿನೋದದ ಮಾತುಗಳಿಂದ ಜನರನ್ನು ನಗಿಸುವುದು. ಇಬ್ಬರೂ ವಚನಕಾರರು. ನೇಯುವವನ, ಹೊಲಿಯುವವನ, ದೋಣಿ ನಡೆಸುವವನ ದುಡಿಮೆಯು ಹೇಗೋ ಹಾಗೆಯೇ ನಗಿಸುವುದೂ ವೇಷ ಕಟ್ಟುವುದೂ ಕಾಯಕಗಳೆಂದು ಆ ಕಾಲದ ಶರಣಸಮಾಜ ಒಪ್ಪಿಕೊಂಡಿತು. ಕಾಯಕವೆಂದ ಮೇಲೆ ಅದರಿಂದ ಬರುವುದು ಕೂಲಿಯೇ ಹೊರತು ಭಿಕ್ಷೆಯಲ್ಲ.

ಭಾರತದಲ್ಲಿ ಬೇರೆ ಬೇರೆ ರೂಪಗಳಲ್ಲಿ ಹೇಳುವ ಒಂದು ಕಥೆಯೂ ಇದನ್ನೇ ಬಗೆಯುತ್ತದೆ. ಶ್ರೀರಾಮಕೃಷ್ಣ ಪರಮಹಂಸರು ತಮ್ಮ ಶಿಷ್ಯರಿಗೆ ಇದನ್ನು ಹೇಳುತ್ತಿದ್ದರು. ಒಬ್ಬ ಬಹುರೂಪಿಯು ಸಂನ್ಯಾಸಿಯ ವೇಷದಲ್ಲಿ ಶ್ರೀಮಂತರ ಮನೆಗೆ ಬಂದನು. ಅವರು ಹಣ ಕೊಡಹೋದರೆ ಮುಟ್ಟದೆ ಹೊರಟುಹೋದನು. ವೇಷ ಕಳಚಿ ಮತ್ತೆ ಬಂದು ತನ್ನ ಸಂಭಾವನೆಯನ್ನು ಕೇಳಿದನು. ಆಗ ಬೇಡವೆಂದವನು ಈಗೇಕೆ ಕೇಳುತ್ತೀಯೆಂದರೆ, ಆಗ ನಾನು ಸಂನ್ಯಾಸಿಯಾಗಿದ್ದೆ, ಹಣವನ್ನು ಮುಟ್ಟುವುದು ಹೇಗೆ ಎಂದನು. ಆ ಕ್ಷಣದಲ್ಲಿ ಹಣ ತೆಗೆದುಕೊಂಡಿದ್ದರೆ ಅವನ ವೇಷ ಕೆಡುತ್ತಿತ್ತು. ವೇಷ ಕೆಟ್ಟ ಮೇಲೆ ಸಂಭಾವನೆಗೆ ಹಕ್ಕಿಲ್ಲ! ತನ್ನ ಕಸುಬಿನ ಬೆಲೆಯನ್ನು ಅವನಷ್ಟು ಚೆನ್ನಾಗಿ ಅರಿತವರಾರು?

ಆದರೆ ಕಾನೂನು ಎಲ್ಲ ಕಾಲದಲ್ಲಿಯೂ ಹೀಗೆ ಕಾಣಲಿಲ್ಲ. 1959ರ ಮುಂಬಯಿಯ ಭಿಕ್ಷಾಟನೆ ತಡೆ ಕಾಯಿದೆಯು ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು, ಆಟ ತೋರಿಸುವುದು ಇವನ್ನೆಲ್ಲ ಭಿಕ್ಷೆ ಬೇಡುವವರ ನೆಪಗಳೆಂದು ಎಣಿಸಿತು. ಬೀದಿಯಲ್ಲಿ ಹಾಡಿ ಕಾಸು ಪಡೆದವನೂ ಸುಮ್ಮನೆ ಕೈಯೊಡ್ಡಿದವನೂ ಅದರ ಕಣ್ಣಿಗೆ ಒಂದೇ. ಈ ಕಾಯಿದೆಯು ದೆಹಲಿಗೂ ಅನ್ವಯವಾಗಿತ್ತು. 2018ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅಲ್ಲಿ ಭಿಕ್ಷಾಟನೆಯನ್ನು ಅಪರಾಧವೆನ್ನುವ ಅದರ ವಿಧಿಗಳನ್ನು ತಳ್ಳಿಹಾಕಿತು.

ಕೊಪ್ಪಳ ಸೀಮೆಯ ಬೀದಿಗಳಿಗೆ ವೇಷಗಾರರೊಬ್ಬರೇ ಬರುತ್ತಿದ್ದರೆಂದಲ್ಲ. ಬುಡಬುಡಿಕೆಯವರು, ಕೋಲೆಬಸವನವರು, ಚಾಟಿ ಬೀಸುವ ದುರುಗಮುರುಗಿಯವರು, ಕೈಚಳಕ ತೋರುವ ಸುಡುಗಾಡುಸಿದ್ಧರು - ಇವರೆಲ್ಲರೂ ಬಂದು ಹೋಗುತ್ತಿದ್ದರು. ಇವರಲ್ಲಿ ಕಿಳ್ಳೇಕ್ಯಾತರ ಮಾತನ್ನು ಮಾತ್ರ ಬಿಡಲಾಗದು. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆ ನುಗ್ಗಿ ಬಂದು, ಊರಿನ ಸುದ್ದಿಯನ್ನೆತ್ತಿ ನಗಿಸುವ ವಿದೂಷಕನ ಹೆಸರು ಕಿಳ್ಳೇಕ್ಯಾತ. ಅವನ ಹೆಸರೇ ಇಡೀ ಸಮುದಾಯಕ್ಕೆ ಅಂಟಿಕೊಂಡಿತು. ಮಳೆ ಹೋದ ವರ್ಷ ಈ ಆಟವನ್ನಾಡಿಸಿದರೆ ಮಳೆಯಾಗುವುದೆಂಬ ನಂಬಿಕೆಯಿದ್ದುದರಿಂದ ಒಣನಾಡಿನ ಹಳ್ಳಿಗಳು ಇವರನ್ನು ಕರೆದು ಆಡಿಸುತ್ತಿದ್ದವು. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಎಳೆಯ ವಯಸ್ಸಿನಿಂದಲೂ ಈ ಗೊಂಬೆಗಳನ್ನು ಆಡಿಸುತ್ತ ಬಂದವರು. 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಮರಳಿ ಹಗಲುವೇಷಕ್ಕೆ ಬರೋಣ. ಯಾರನ್ನು ನೋಡಿ ನಗಬೇಕು? ಬೀದಿಯ ಹಾಸ್ಯಕ್ಕೆ ಇದು ತೊಡಕಿನ ಪ್ರಶ್ನೆ. ಪಕ್ಕದ ತೆಲಂಗಾಣದಲ್ಲಿ ಪಿಟ್ಟಲ ದೊರೆಯೆಂಬ ಒಂದು ವೇಷವುಂಟು. ಹಳೆಯ ಖಾಕಿ ಬಟ್ಟೆ, ಹರಕು ಟೋಪಿ, ಕೈಯಲ್ಲಿ ಕಟ್ಟಿಗೆಯ ಬಂದೂಕು. ದೊರೆಯಂತೆ ಠೀವಿಯಿಂದ ನಡೆದುಬಂದು ತನ್ನ ಸಂಪತ್ತು, ಶೌರ್ಯಗಳ ಬಗೆಗೆ ಆಕಾಶಕ್ಕೆ ಏಣಿ ಹಾಕಿ ಕೊಚ್ಚಿಕೊಳ್ಳುತ್ತಾನೆ. ಜನರು ನಗುವುದು ಅವನನ್ನು ನೋಡಿ. ಆದರೆ ಅವರ ಮನಸ್ಸಿನಲ್ಲಿರುವವನು ಊರಿನ ನಿಜವಾದ ದೊರೆ. ದರ್ಪವಿದ್ದವನನ್ನು ಕುರಿತು ನೇರವಾಗಿ ಆಡಲಾಗದುದನ್ನು ವೇಷವು ಆಡಬಲ್ಲುದು. ಇದು ಹಾಸ್ಯದ ಮೇಲಾದ ಬಗೆ. ಆದರೆ ಹಳೆಯ ವೇಷಗಳಲ್ಲಿ ಒಂದು ಜಾತಿಯ ನಡೆನುಡಿಯನ್ನೋ, ಕುಂಟರು ಕಿವುಡರನ್ನೋ, ಹೆಂಗಸರನ್ನೋ ಅಣಕಿಸಿ ನಗಿಸುವುದೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಣಕಕ್ಕೆ ಗುರಿಯಾದವನು ತಿರುಗಿ ಉತ್ತರ ಕೊಡಲಾರದವನಾದರೆ ಆ ನಗೆ ಒಬ್ಬರ ಪಾಲಿಗೆ ಮಾತ್ರ ನಗೆ. ಸಾವುಕಾರನೊಡನೆ ಭೀಮ ಆಡಿದ ಮಾತಿನಲ್ಲಿ ಸೊಗಸಿರುವುದು, ಸಾವುಕಾರನೂ ಭೀಮನ ಬಾಯಿ ಮುಚ್ಚಿಸಬಲ್ಲನಾದುದರಿಂದ.

ವೇಷಕ್ಕೆ ಬೇಕಾದುದು ಇನ್ನೊಂದಿದೆ: ನಂಬಿಕೆ. ಬೀದಿಯಲ್ಲಿ ಕಂಡ ಹೊಸಬನನ್ನು ಒಂದು ಗಳಿಗೆ ನಂಬಿ, ಮೋಸಹೋಗಿ, ಮೋಸಹೋದುದಕ್ಕೆ ತಾನೇ ನಗುವ ಮನಸ್ಸು. ಅದು ಇಲ್ಲವಾದಾಗ ಏನಾಗುವುದೆಂಬುದನ್ನು 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ದೇಶ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲು ಫೋನುಗಳಲ್ಲಿ ಹಬ್ಬಿದ್ದ ಕಾಲ. ಸಂತೆಯ ದಿನ ಊರಿಗೆ ಬಂದ ಐವರು ಅಲೆಮಾರಿಗಳನ್ನು ಜನರ ಗುಂಪು ಹೊಡೆದು ಕೊಂದಿತು. ಅವರು ನಾಥಪಂಥೀ ಡವರಿ ಗೋಸಾವಿ ಸಮುದಾಯದವರು. ಊರೂರು ತಿರುಗಿ ಹೊಟ್ಟೆ ಹೊರೆಯುತ್ತಿದ್ದವರು. ಆ ವರ್ಷ ಇಂತಹ ಸುದ್ದಿ ಕರ್ನಾಟಕದಲ್ಲಿಯೂ ಹಬ್ಬಿ ಪ್ರಾಣಹಾನಿಯಾಯಿತು. ಮುಖಕ್ಕೆ ಬಣ್ಣ ಬಳಿದುಕೊಂಡು, ತಾನಾರೆಂಬುದನ್ನು ಮರೆಸಿಕೊಂಡು ಹೊಸ ಊರಿಗೆ ಕಾಲಿಡುವವನಿಗೆ ಇದರಿಂದಾದ ಭಯ ಎಂತಹದೆಂಬುದನ್ನು ವಿವರಿಸಬೇಕಾಗಿಲ್ಲ.

ಸಿನಿಮಾ, ಟೆಲಿವಿಷನ್ನುಗಳು ಬಂದ ಮೇಲೆ ಬೀದಿಯ ವೇಷಗಳನ್ನು ಕೇಳುವವರು ಕಡಿಮೆಯಾದರೆಂಬುದು ಸಾಮಾನ್ಯವಾದ ಮಾತು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ತಮ್ಮ ಮಕ್ಕಳು ಬಿಡಾರದಿಂದ ಬಿಡಾರಕ್ಕೆ ಅಲೆಯದೆ ಒಂದು ಕಡೆ ನಿಂತು ಶಾಲೆ ಕಲಿಯಲಿ ಎಂದು ವೇಷಗಾರರೇ ಬಯಸಿದರು. ಆ ಬಯಕೆಯನ್ನು ಯಾರು ತಪ್ಪೆಂದಾರು? ಕಲೆ ಉಳಿಯಲೆಂದು ಹಂಬಲಿಸುವ ನಾವು, ಕಲಾವಿದನ ಮಗ ಬಿಸಿಲಿನಲ್ಲಿ ಗದೆ ಹೊತ್ತು ತಿರುಗಲಿ ಎಂದು ಹೇಳುವ ಅಧಿಕಾರವನ್ನು ಎಲ್ಲಿಂದ ತಂದೆವು? 1975ರಲ್ಲಿ ಹುಟ್ಟಿದ ಸಮುದಾಯ ಸಂಘಟನೆಯು ಬೀದಿ ನಾಟಕಗಳನ್ನು ನಾಡಿನ ತುಂಬ ಆಡಿ, ಬೀದಿಯೂ ರಂಗವಾಗಬಲ್ಲುದೆಂಬುದನ್ನು ಓದಿದವರಿಗೆ ನೆನಪುಮಾಡಿಕೊಟ್ಟಿತು. ಈಚೆಗೆ ಉತ್ಸವಗಳ ವೇದಿಕೆಯ ಮೇಲೆ, ಮೆರವಣಿಗೆಗಳ ಮುಂದೆ ಹಗಲುವೇಷದ ತಂಡಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿ ಸಂಭಾವನೆ ಮೊದಲೇ ಗೊತ್ತಾಗಿರುತ್ತದೆ. ಅದು ಕಲಾವಿದನಿಗೆ ಒಳ್ಳೆಯದೇ. ಆದರೆ ಮೈಕಿನ ಮುಂದೆ ನಿಂತ ಭೀಮನಿಗೆ ಉದ್ರಿ ಇಲ್ಲವೆನ್ನುವ ಸಾವುಕಾರನು ಎದುರಿಗಿರುವುದಿಲ್ಲ. ಜನರು ಚಪ್ಪಾಳೆ ತಟ್ಟುತ್ತಾರೆ, ಮಾತನಾಡುವುದಿಲ್ಲ.

ಹಿಂದಿನ ಆ ಕೊನೆಯ ದಿನದ ನೋಟವನ್ನು ಹೇಳದೆ ಹೋದರೆ ವಿಷಯ ಮುಗಿಯದು. ಕೆಲವು ತಂಡದವರು ಅಂದು ಬಣ್ಣ ತೊಳೆದುಕೊಂಡು ಬರುತ್ತಿದ್ದರು. ಹೆಗಲ ಮೇಲೆ ಜೋಳಿಗೆ, ಮಾಸಿದ ಅಂಗಿ, ಬಿಸಿಲಿಗೆ ಬಾಡಿದ ಮುಖ. ಹದಿನೈದು ದಿನ ಅವರೊಡನೆ ಜಗಳವಾಡಿ ನಕ್ಕ ಅಂಗಡಿಕಾರನಿಗೆ ಗುರುತು ಹತ್ತದು. ‘ನೀವು ಯಾರಪಾ?’ ಎಂದು ಕೇಳಬೇಕು. ‘ನಾನು ಶೂರ್ಪನಖೀರಿ, ಇವ ನಮ್ಮ ತಮ್ಮ, ರಾಮ’ ಎಂದು ಉತ್ತರ ಬರಬೇಕು. ಅಂಗಡಿಕಾರನು ನಕ್ಕು, ಉದ್ರಿ ಪುಸ್ತಕ ತೆಗೆದು, ‘ಭೀಮಣ್ಣ ಎಲ್ಲಿ? ಅವನ ಲೆಕ್ಕ ಮುಗಿಸೂದೈತಿ’ ಎಂದು ಗಲ್ಲಾ ಪೆಟ್ಟಿಗೆಗೆ ಕೈ ಹಾಕುತ್ತಿದ್ದನು.